ಮೆಂತ್ಯದ ನೀರು, ಅಗಸಿ ಕ್ಯಾಪ್ಸೂಲು ಮತ್ತು ನಿಮ್ಮ ಕೊಲೆಸ್ಟ್ರಾಲ್

ಪ್ರಶ್ನೆ: ಸರ್, ನನಗೆ 51 ವರ್ಷ. ಗದಗ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮುಟ್ಟು ನಿಂತು ಒಂದು ವರ್ಷವಾಯಿತು. ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹೋದ ತಿಂಗಳು ತಪಾಸಣೆ ಮಾಡಿಸಿದಾಗ ಒಟ್ಟು ಕೊಲೆಸ್ಟ್ರಾಲ್ 238, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 158, ಎಚ್‌ಡಿಎಲ್ ಎಂಬ ಒಳ್ಳೆಯದು 38, ಟ್ರೈಗ್ಲಿಸರೈಡ್ ಎಂಬ ಕೊಬ್ಬು 210 ಬಂತು. ಡಾಕ್ಟರು ಮೊದಲ ಪುಟ ನೋಡಿ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ರೋಸುವಾಸ್ಟಾಟಿನ್ 10 ಮಿಲಿಗ್ರಾಂ ಬರೆದುಕೊಟ್ಟರು. ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡುವಂತಿಲ್ಲ, ಮೈಕೈ ನೋವು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಇನ್ನೂ ನುಂಗಿಲ್ಲ. ಆರು ತಿಂಗಳಿಂದ ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿ, ಬೆಳಗ್ಗೆ ಎದ್ದ ಕೂಡಲೇ ಕಾಳು ಸಮೇತ ಕುಡಿಯುತ್ತೇನೆ. ಥೈರಾಯ್ಡ್ ಮಾತ್ರೆಯನ್ನೂ ಅದೇ ನೀರಿನಲ್ಲಿ ನುಂಗುತ್ತೇನೆ. ಈಗ ನನ್ನ ನಾದಿನಿ ಮೆಂತ್ಯದ ಕ್ಯಾಪ್ಸೂಲು ಮತ್ತು ಅಗಸಿ ಎಣ್ಣೆಯ ಕ್ಯಾಪ್ಸೂಲು ತಂದುಕೊಟ್ಟಿದ್ದಾರೆ. ಎರಡೂ ಸೇರಿ ತಿಂಗಳಿಗೆ 1,200 ರೂಪಾಯಿ. ನಮ್ಮ ತಂದೆಗೆ 52ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು. ಮಾತ್ರೆಯ ಬದಲು ಬೀಜಗಳನ್ನೇ ನಂಬಬಹುದಾ? ವರದಿಯ ಎರಡೂ ಪುಟ ಕಳಿಸಿದ್ದೇನೆ.

ಉತ್ತರ: ಮೇಡಂ, ನೀವು ಕೇಳಿದ್ದು ಕೊಲೆಸ್ಟ್ರಾಲ್ ಬಗ್ಗೆ. ಆದರೆ ನನ್ನ ಕಣ್ಣು ನಿಂತದ್ದು ವರದಿಯ ಎರಡನೇ ಪುಟದಲ್ಲಿ. ಅಲ್ಲಿ ಟಿಎಸ್‌ಎಚ್ 9.4 ಎಂದಿದೆ. ದೇಹಕ್ಕೆ ಥೈರಾಯ್ಡ್ ಹಾರ್ಮೋನು ಸಾಲದಾದಾಗ ಏರುವ ಅಂಕಿ ಅದು. ಜೊತೆಗೆ ಕಳಿಸಿದ ಹೋದ ವರ್ಷದ ಚೀಟಿಯಲ್ಲಿ ಅದು 2.8 ಇತ್ತು. ಮಾತ್ರೆ ಅದೇ, ಡೋಸೂ ಅದೇ. ನಡುವೆ ಬದಲಾದದ್ದು ಏನು? ಬೆಳಗಿನ ಮೆಂತ್ಯ.

ಥೈರಾಯ್ಡ್ ಮಾತ್ರೆಯ ಸ್ವಭಾವ ಸ್ವಲ್ಪ ವಿಚಿತ್ರ. ಖಾಲಿ ಹೊಟ್ಟೆ ಬೇಕು, ಬರಿ ನೀರು ಬೇಕು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇರೇನೂ ಹೊಟ್ಟೆಗೆ ಬೀಳಬಾರದು. ಕಾಫಿ, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ನಾರಿನ ಪುಡಿಗಳು, ಇವೆಲ್ಲ ಅದನ್ನು ಕರುಳಿನಲ್ಲಿ ಸರಿಯಾಗಿ ಹೀರಲು ಬಿಡುವುದಿಲ್ಲ. ನೆನೆದ ಮೆಂತ್ಯ ಅಂದರೆ ನಾರು ಮತ್ತು ಲೋಳೆ. ಅದರ ಜೊತೆಗೇ ಮಾತ್ರೆ ನುಂಗಿದರೆ ಔಷಧದ ಒಂದು ಪಾಲು ಲೋಳೆಯಲ್ಲಿ ಸಿಕ್ಕಿಕೊಂಡು ಮುಂದೆ ಹೋಗಿಬಿಡಬಹುದು. ನಿಮ್ಮ ಟಿಎಸ್‌ಎಚ್ ಏರಿದ್ದಕ್ಕೆ ಮೆಂತ್ಯವೊಂದೇ ಕಾರಣ ಎಂದು ಆಣೆ ಇಟ್ಟು ಹೇಳಲಾರೆ. ಮುಟ್ಟು ನಿಂತ ಮೇಲೆ ಕ್ಯಾಲ್ಸಿಯಂ ಮಾತ್ರೆ ಶುರು ಮಾಡಿದ್ದೀರಾ? ನಡುನಡುವೆ ಮಾತ್ರೆ ತಪ್ಪಿತ್ತಾ? ಅದನ್ನೂ ಡಾಕ್ಟರಿಗೆ ಹೇಳಿ. ಆದರೆ ನಾನಾಗಿದ್ದರೆ ಮೊದಲು ಅನುಮಾನ ಪಡುವುದು ಆ ಲೋಟದ ಮೇಲೆಯೇ.

ಇದಕ್ಕೂ ಕೊಲೆಸ್ಟ್ರಾಲಿಗೂ ಏನು ಸಂಬಂಧ ಅಂತೀರಾ? ಬಹಳ ಇದೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ಒಳಗೆ ಎಳೆದುಕೊಳ್ಳಲು ಲಿವರಿನ ಮೇಲೆ ಬಾಗಿಲುಗಳಿರುತ್ತವೆ. ಆ ಬಾಗಿಲುಗಳ ಸಂಖ್ಯೆ ಹೆಚ್ಚಿಸುವುದರಲ್ಲಿ ಥೈರಾಯ್ಡ್ ಹಾರ್ಮೋನಿನ ಕೈವಾಡವಿದೆ. ಹಾರ್ಮೋನು ಕಡಿಮೆಯಾದರೆ ಬಾಗಿಲು ಕಡಿಮೆ, ರಕ್ತದಲ್ಲಿ ಎಲ್‌ಡಿಎಲ್ ಜಾಸ್ತಿ. ಅಂದರೆ ಕೊಲೆಸ್ಟ್ರಾಲ್ ಇಳಿಯಲಿ ಎಂದು ನೀವು ಕುಡಿದ ಮೆಂತ್ಯವೇ ಸುತ್ತು ಬಳಸಿ ಅದನ್ನು ಏರಿಸಿರಬಹುದು! ಇದು ಮೆಂತ್ಯದ ತಪ್ಪಲ್ಲ, ಹೊತ್ತಿನ ತಪ್ಪು. ನಾಳೆಯಿಂದಲೇ ಬೆಳಗ್ಗೆ ಮಾತ್ರೆಗೆ ಬರಿ ನೀರು. ಮೆಂತ್ಯವನ್ನು ಮಧ್ಯಾಹ್ನಕ್ಕೋ ರಾತ್ರಿಗೋ ತಳ್ಳಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಬೀಜಗಳು ಕೆಲಸ ಮಾಡುತ್ತವೆಯಾ? ಕೆಲವು ಮಾಡುತ್ತವೆ. ಆದರೆ ಅವು ಕೆಲಸ ಮಾಡುವುದು ಆಹಾರದ ಅಳತೆಯಲ್ಲಿ, ಔಷಧದ ಅಳತೆಯಲ್ಲಿ ಅಲ್ಲ.

ಅದು ಯಾಕೆ ಎಂದು ತಿಳಿಯಲು ಕರುಳಿನೊಳಗೆ ಒಂದು ಸುತ್ತು ಹೋಗಿ ಬರೋಣ. ನಮ್ಮ ರಕ್ತದ ಕೊಲೆಸ್ಟ್ರಾಲಿನ ದೊಡ್ಡ ಪಾಲು ಊಟದಿಂದ ಬಂದದ್ದಲ್ಲ, ದೇಹವೇ ತಯಾರಿಸಿದ್ದು. ಲಿವರು ಅದೇ ಕೊಲೆಸ್ಟ್ರಾಲಿನಿಂದ ಪಿತ್ತದ ಆಮ್ಲಗಳನ್ನು ಮಾಡುತ್ತದೆ. ಜಿಡ್ಡು ಕರಗಿಸಲು ಪಿತ್ತ ಕರುಳಿಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ದೇಹ ಅದನ್ನು ಚೆಲ್ಲುವುದಿಲ್ಲ. ಸುಮಾರು ಶೇ. 95ರಷ್ಟು ಪಾಲು ಕರುಳಿನ ಕೊನೆಯಲ್ಲಿ ಹೀರಿಕೊಂಡು ಮತ್ತೆ ಲಿವರಿಗೆ ವಾಪಸ್ ಕಳಿಸುತ್ತದೆ. ದೇಹ ಬಲು ಜಿಪುಣ, ಬಳಸಿದ ಎಣ್ಣೆಯನ್ನು ಸೋಸಿ ಮತ್ತೆ ಬಾಣಲೆಗೆ ಸುರಿದ ಹಾಗೆ. ಈಗ ಊಟದ ಜೊತೆ ಲೋಳೆ ಬಂತು ಅನ್ನಿ. ಪಿತ್ತದ ಆಮ್ಲ ಒಂದಿಷ್ಟು ಆ ಲೋಳೆಗೆ ಅಂಟಿಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. ಖಾಲಿಯಾದ ಪಾಲನ್ನು ತುಂಬಲು ಲಿವರು ಹೊಸ ಪಿತ್ತ ಮಾಡಬೇಕು. ಅದಕ್ಕೆ ಕಚ್ಚಾ ಮಾಲು ಕೊಲೆಸ್ಟ್ರಾಲ್. ಹೀಗಾಗಿ ಲಿವರು ಬಾಗಿಲು ಹೆಚ್ಚಿಸಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ.

ಇಲ್ಲಿ ಕೆಲಸ ಮಾಡುತ್ತಿರುವುದು ಯಾವ ಗುಪ್ತ ಮೂಲಿಕೆಯ ಸತ್ವವೂ ಅಲ್ಲ, ಲೋಳೆಯ ಗಾತ್ರ. ಗಾತ್ರ ಬೇಕೆಂದರೆ ತೂಕ ಬೇಕು. ಚಿಟಿಕೆಯಲ್ಲಿ ಆಗುವ ಮಾತಲ್ಲ.

ಈ ತೂಕದ ವಿಷಯಕ್ಕೆ ಬಂದರೆ ಮೆಂತ್ಯದ ಕತೆ ತಿಳಿಯಾಗುತ್ತದೆ. "ಮೆಂತ್ಯದಿಂದ ಕೊಲೆಸ್ಟ್ರಾಲ್ ಇಳಿಯುವುದು ಸಂಶೋಧನೆಯಲ್ಲಿ ಸಾಬೀತಾಗಿದೆ" ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಮಾತಿಗೆ ಹಳೆಯ ಆಧಾರಗಳಲ್ಲಿ ಒಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಆರ್.ಡಿ. ಶರ್ಮ ಮತ್ತು ಸಂಗಡಿಗರ ಕೆಲಸ. 1990ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯವರಿಗೆ 10 ದಿನ ಮೆಂತ್ಯ ಕೊಟ್ಟರು. ಸಕ್ಕರೆ ಇಳಿಯಿತು, ಒಟ್ಟು ಕೊಲೆಸ್ಟ್ರಾಲ್ ಇಳಿಯಿತು, ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಕೂಡ ಇಳಿದವು, ಎಚ್‌ಡಿಎಲ್ ಇದ್ದ ಹಾಗೇ ಇತ್ತು. ಎಲ್ಲ ನಿಜ. ಆದರೆ ಕೊಟ್ಟದ್ದೆಷ್ಟು? ದಿನಕ್ಕೆ 100 ಗ್ರಾಂ, ಜಿಡ್ಡು ತೆಗೆದ ಮೆಂತ್ಯದ ಪುಡಿ, ಮಧ್ಯಾಹ್ನದ ಮತ್ತು ರಾತ್ರಿಯ ಊಟಕ್ಕೆ ಅರ್ಧರ್ಧ ಬೆರೆಸಿ.

ನಮ್ಮ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ನಾನೊಮ್ಮೆ ತೂಗಿ ನೋಡಿದ್ದೇನೆ. ಚಹಾ ಚಮಚದಲ್ಲಿ ಮಟ್ಟಸವಾಗಿ ತೆಗೆದ ಮೆಂತ್ಯಕಾಳು ಹೆಚ್ಚೂಕಡಿಮೆ 4 ಗ್ರಾಂ. ಅಂದರೆ 100 ಗ್ರಾಂ ಎಂದರೆ ಸುಮಾರು 25 ಚಮಚ! ಆ ಕಹಿಯನ್ನು ಯಾರು ತಿಂದಾರು? ಮುಂದೆ ಸಣ್ಣ ಪ್ರಮಾಣದಲ್ಲೂ ಪ್ರಯೋಗಗಳಾದವು. ಮೊಳಕೆ ಕಟ್ಟಿದ ಮೆಂತ್ಯವನ್ನು ದಿನಕ್ಕೆ 18 ಗ್ರಾಂನಷ್ಟು ಒಂದು ತಿಂಗಳು ಕೊಟ್ಟಾಗಲೂ ಎಲ್‌ಡಿಎಲ್ ಇಳಿದದ್ದುಂಟು. ನಮ್ಮ ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮೆಂತ್ಯದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಕೊಲೆಸ್ಟ್ರಾಲಿನಿಂದ ಆಗುವ ಪಿತ್ತಕೋಶದ ಹರಳು ಮೆಂತ್ಯ ತಿಂದ ಇಲಿಗಳಲ್ಲಿ ಕಡಿಮೆಯಾದದ್ದನ್ನು ಅಲ್ಲಿ ಕಂಡಿದ್ದಾರೆ. ಇಲಿಯ ಫಲ ಮನುಷ್ಯನಿಗೆ ಹಾಗೇ ಅನ್ವಯಿಸುವುದಿಲ್ಲ ಅನ್ನುವುದು ನಿಮಗೂ ಗೊತ್ತು. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಹೆಚ್ಚಿನವು ಸಣ್ಣವು, ಕೆಲವು ವಾರಗಳವು. ಫಲವೂ ಒಂದೇ ತೆರನಾಗಿಲ್ಲ. ಒಂದು ಚಮಚ ಮೆಂತ್ಯದಿಂದ ನಿಮಗೆ ಒಳ್ಳೆಯದೇ ಆಗುತ್ತದೆ. ಮಲ ಸಲೀಸಾಗುತ್ತದೆ, ಊಟದ ನಂತರದ ಸಕ್ಕರೆ ಕೊಂಚ ತಗ್ಗಬಹುದು. ಆದರೆ 158 ಅನ್ನು 100ಕ್ಕೆ ತರುವ ಶಕ್ತಿ ಅದಕ್ಕಿಲ್ಲ.

ಒಂದು ಮಾತು ನಡುವೆ. ಕೆಲವರು ಮೆಂತ್ಯದ ನೀರು ಮಾತ್ರ ಕುಡಿದು ಕಾಳನ್ನು ಗಿಡದ ಬುಡಕ್ಕೆ ಸುರಿಯುತ್ತಾರೆ. ಲೋಳೆಯ ಬಹುಪಾಲು ಕಾಳಿನೊಳಗೇ ಇರುತ್ತದೆ. ಉಪಯೋಗ ಗಿಡಕ್ಕೇ ಹೆಚ್ಚು. ನೀವು ಕಾಳು ಸಮೇತ ತಿನ್ನುತ್ತೀರಿ, ಅದು ಸರಿ. ಅಂದ ಹಾಗೆ, ಮೆಂತ್ಯದ ಈ ಲೋಳೆಗೆ ನಿಮ್ಮ ಚವಳಿಕಾಯಿ ಹತ್ತಿರದ ನೆಂಟ. ಮೈಸೂರು ಕಡೆಯವರು ಗೋರಿಕಾಯಿ ಅನ್ನುತ್ತಾರಲ್ಲ, ಅದೇ. ಅದರ ಬೀಜದಿಂದ ತೆಗೆಯುವ ಗೋರ್ ಅಂಟು ಕೂಡ ಇದೇ ಜಾತಿಯದು, ಅದೂ ಎಲ್‌ಡಿಎಲ್ ಇಳಿಸುತ್ತದೆ. ಚವಳಿಕಾಯಿ ಪಲ್ಯಕ್ಕೆ ಯಾರೂ ಡಬ್ಬಿ ಕಟ್ಟಿ ಜಾಹೀರಾತು ಕೊಡುವುದಿಲ್ಲ, ಅಷ್ಟೆ.

ಈಗ ಅಗಸಿ. ದಕ್ಷಿಣದ ಓದುಗರು ಅಗಸೆ ಮರದ ಹೂವು, ಸೊಪ್ಪು ಎಂದುಕೊಂಡು ಗೊಂದಲ ಮಾಡಿಕೊಳ್ಳಬಾರದು. ಇದು ಹೊಳೆಯುವ ಕಂದು ಬಣ್ಣದ ಎಣ್ಣೆಬೀಜ. ನಿಮ್ಮ ಕಡೆಯ ರೊಟ್ಟಿಯ ತಾಟಿನಲ್ಲಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಇಲ್ಲದಿದ್ದರೆ ಊಟ ಸಾಗುತ್ತದೆಯೇ? ಈ ಬೀಜದ ಮೇಲೆ ನಡೆದಿರುವ ಕೆಲಸ ಮೆಂತ್ಯಕ್ಕಿಂತ ಗಟ್ಟಿ. ಕೆನಡಾದ ವಿನಿಪೆಗ್‌ನಲ್ಲಿ ಕಾಲಿನ ರಕ್ತನಾಳ ಕಟ್ಟಿದ 110 ಜನರ ಮೇಲೆ ಒಂದು ವರ್ಷದ ಪ್ರಯೋಗ ನಡೆಯಿತು. ಅರ್ಧ ಜನರಿಗೆ ದಿನಕ್ಕೆ 30 ಗ್ರಾಂ ಅಗಸಿ ಪುಡಿಯನ್ನು ತಿನಿಸುಗಳಲ್ಲಿ ಬೆರೆಸಿ ಕೊಟ್ಟರು. ಉಳಿದವರಿಗೆ ಅಗಸಿ ಇಲ್ಲದ, ಅದೇ ಬಗೆಯ ತಿನಿಸು. ಒಂದು ತಿಂಗಳಲ್ಲಿ ಅಗಸಿ ತಿಂದವರ ಎಲ್‌ಡಿಎಲ್ ಶೇ. 15ರಷ್ಟು ಇಳಿಯಿತು. ನನಗೆ ಇನ್ನೂ ಮುಖ್ಯ ಅನಿಸುವುದು ಬೇರೆ ಸಂಗತಿ. ಮೊದಲೇ ಸ್ಟಾಟಿನ್ ಮಾತ್ರೆ (ನಿಮಗೆ ಬರೆದುಕೊಟ್ಟ ರೋಸುವಾಸ್ಟಾಟಿನ್ ಈ ಗುಂಪಿನದೇ) ನುಂಗುತ್ತಿದ್ದವರಲ್ಲೂ ಅಗಸಿಯಿಂದ ಮತ್ತೆ ಶೇ. 8.5ರಷ್ಟು ಇಳಿಕೆ ಸಿಕ್ಕಿತು. ಅಗಸಿ ತಿಂದವರ ಬಿಪಿ ಕೂಡ ಇಳಿಯಿತು. 2014ರಲ್ಲಿ ಕೆನಡಾ ಸರ್ಕಾರ ಅಗಸಿ ಪುಡಿಯ ಪೊಟ್ಟಣದ ಮೇಲೆ ಕೊಲೆಸ್ಟ್ರಾಲ್ ಇಳಿಸುತ್ತದೆ ಎಂದು ಬರೆಯಲು ಒಪ್ಪಿಗೆ ಕೊಟ್ಟಿತು. ಆದರೆ ಅಲ್ಲಿ ಲೆಕ್ಕ ಹಿಡಿದದ್ದು ದಿನಕ್ಕೆ 40 ಗ್ರಾಂ.

ಇದರಲ್ಲಿ ಎರಡು ಷರತ್ತಿವೆ. ಮೊದಲನೆಯದು, ಬೀಜ ಪುಡಿಯಾಗಿರಬೇಕು. ಇಡೀ ಅಗಸಿ ನುಂಗಿದರೆ ಅದು ಹೋದ ಹಾಗೇ ಹೊರಗೆ ಬರುತ್ತದೆ. ಸಿಪ್ಪೆ ಅಷ್ಟು ಗಟ್ಟಿ. ಎರಡನೆಯದು ನಿಮ್ಮ ನಾದಿನಿಯವರ ಡಬ್ಬಿಗೆ ಸಂಬಂಧಿಸಿದ್ದು. 28 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2009ರ ಒಂದು ವಿಮರ್ಶೆಯಲ್ಲಿ ಇಡೀ ಬೀಜದ ಪುಡಿಯಿಂದ ಎಲ್‌ಡಿಎಲ್ ಇಳಿದಿತ್ತು, ಅಗಸಿ ಎಣ್ಣೆಯಿಂದ ಇಳಿದಿರಲಿಲ್ಲ. ಎಣ್ಣೆ ಹಿಂಡಿದಾಗ ನಾರು, ಲೋಳೆ ಎಲ್ಲ ಗಾಣದಲ್ಲೇ ಉಳಿಯುತ್ತದೆ. ಕ್ಯಾಪ್ಸೂಲಿಗೆ ಬರುವುದು ಬರಿ ಎಣ್ಣೆ. ಅದರಲ್ಲಿ ಒಮೇಗಾ 3 ಇದೆ, ಸುಳ್ಳಲ್ಲ. ಆದರೆ ಮೀನಿನಲ್ಲಿರುವ ಒಮೇಗಾ 3 ಬೇರೆ, ಇದು ಬೇರೆ. ನಮ್ಮ ದೇಹ ಇದರಲ್ಲಿ ಬಹಳ ಸ್ವಲ್ಪವನ್ನು ಮಾತ್ರ ಆ ರೂಪಕ್ಕೆ ತಿರುಗಿಸುತ್ತದೆ.

ಇನ್ನು ಎಲ್ಲರೂ ಮರೆಯುವ ಬೀಜ ಒಂದಿದೆ. ಇಸಬ್‌ಗೋಲ್. ಮಲಬದ್ಧತೆಯ ಪುಡಿ ಎಂದು ಮೂಲೆಗೆ ಸೇರಿದೆ, ಪಾಪ. ಪಾರ್ಸಿ ಭಾಷೆಯಲ್ಲಿ ಅದರ ಹೆಸರಿಗೆ ಕುದುರೆಯ ಕಿವಿ ಎಂದರ್ಥ, ಬೀಜದ ಆಕಾರ ಹಾಗಿದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉಂಝಾ ಇದರ ದೊಡ್ಡ ಮಾರುಕಟ್ಟೆ. ಜಗತ್ತಿಗೆ ಬೇಕಾದದ್ದರ ದೊಡ್ಡ ಪಾಲು ನಮ್ಮ ದೇಶದಿಂದಲೇ ಹೋಗುತ್ತದೆ. ಕೊಲೆಸ್ಟ್ರಾಲ್ ವಿಷಯದಲ್ಲಿ ಬೀಜಗಳಿಗೆ ಪರೀಕ್ಷೆ ಇಟ್ಟರೆ ಮೊದಲ ದರ್ಜೆ ಇದಕ್ಕೇ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲೇ ಇದರ ಪೊಟ್ಟಣದ ಮೇಲೆ ಹೃದಯಕ್ಕೆ ಒಳ್ಳೆಯದು ಎಂದು ಬರೆಯಲು ಅನುಮತಿ ಕೊಟ್ಟಿದೆ. ಅಲ್ಲಿಯ ಲೆಕ್ಕ ದಿನಕ್ಕೆ 10 ಗ್ರಾಂ ಹೊಟ್ಟು. ಅಷ್ಟು ತೆಗೆದುಕೊಂಡರೆ ಎಲ್‌ಡಿಎಲ್ ಶೇ. 5ರಿಂದ 10ರಷ್ಟು ಇಳಿಯುತ್ತದೆ. 2005ರ ಇನ್ನೊಂದು ಪ್ರಯೋಗ ನನಗೆ ತುಂಬ ಇಷ್ಟ. ಇನ್ನೊಂದು ಸ್ಟಾಟಿನ್ ಮಾತ್ರೆಯಾದ ಸಿಂವಾಸ್ಟಾಟಿನ್ 10 ಮಿಲಿಗ್ರಾಂ ಜೊತೆ ದಿನಕ್ಕೆ 15 ಗ್ರಾಂ ಇಸಬ್‌ಗೋಲ್ ಕೊಟ್ಟಾಗ, ಸಿಂವಾಸ್ಟಾಟಿನ್ 20 ಮಿಲಿಗ್ರಾಂ ಕೊಟ್ಟಷ್ಟೇ ಎಲ್‌ಡಿಎಲ್ ಇಳಿಯಿತು. ಅಂದರೆ ಮಾತ್ರೆಯ ಡೋಸು ಇಮ್ಮಡಿ ಮಾಡುವ ಕೆಲಸವನ್ನು ಹೊಟ್ಟು ಮಾಡಿತು. ಬೀಜಕ್ಕೆ ಸರಿಯಾದ ಜಾಗ ಅದೇ ಎಂದು ನನ್ನ ಅಭಿಪ್ರಾಯ. ಮಾತ್ರೆಯ ಪಕ್ಕದಲ್ಲಿ, ಮಾತ್ರೆಯ ಜಾಗದಲ್ಲಿ ಅಲ್ಲ.

ಕಲೋಂಜಿಯ ಬಗ್ಗೆಯೂ ಕೇಳಿರುತ್ತೀರಿ. ನನ್ನ ಲೋಳೆಯ ವಾದಕ್ಕೆ ಅದು ಒಂದು ಅಪವಾದ. 1ರಿಂದ 3 ಗ್ರಾಂನಲ್ಲೇ ಎಲ್‌ಡಿಎಲ್ 10-15 ಅಂಕ ಇಳಿದ ಪ್ರಯೋಗಗಳಿವೆ. ಅದರ ಎಣ್ಣೆಯ ಫಲವೂ ಚೆನ್ನಾಗಿದೆ. ಆದರೆ ಹೆಚ್ಚಿನವು ಸಣ್ಣ ಪ್ರಯೋಗಗಳು, ಒಂದಕ್ಕೊಂದು ತಾಳೆಯಾಗುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಇನ್ನೊಂದು ತೊಂದರೆ. ಕರಿಜೀರಿಗೆ ಎಂದು ಕೇಳಿದರೆ ಒಬ್ಬರು ಕಲೋಂಜಿ ಕೊಡುತ್ತಾರೆ, ಇನ್ನೊಬ್ಬರು ಶಾಹಿ ಜೀರಿಗೆ, ಮತ್ತೊಬ್ಬರು ಕಹಿ ಕಾಡುಜೀರಿಗೆ. ಮೂರೂ ಬೇರೆ ಬೇರೆ ಗಿಡಗಳು. ಚಿಯಾ ಈಗ ಫ್ಯಾಶನ್. ಸಿಎಫ್‌ಟಿಆರ್‌ಐ ಬೀಜ ಕೊಟ್ಟ ಮೇಲೆ ಮೈಸೂರು ಕಡೆಯ ರೈತರೂ ಬೆಳೆಯುತ್ತಿದ್ದಾರೆ. ನಾರು ಚೆನ್ನಾಗಿದೆ, ಎಲ್‌ಡಿಎಲ್ ಇಳಿಸಿದ್ದಕ್ಕೆ ಹೇಳಿಕೊಳ್ಳುವಂಥ ಪುರಾವೆಯಿಲ್ಲ.

ಈಗ ಆ 1,200 ರೂಪಾಯಿಯ ಲೆಕ್ಕ ಹಾಕೋಣ. ಡಬ್ಬಿಯ ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಒಂದು ಮೆಂತ್ಯದ ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಪುಡಿ, ದಿನಕ್ಕೆ ಎರಡು. ಅಂದರೆ ಒಂದು ಗ್ರಾಂ, ಕಾಲು ಚಮಚ. ತಿಂಗಳಿಗೆ 30 ಗ್ರಾಂ ಮೆಂತ್ಯ. ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಅಷ್ಟಕ್ಕೆ ಹತ್ತು ರೂಪಾಯಿಯೂ ಆಗುವುದಿಲ್ಲ. ಅಗಸಿ ಎಣ್ಣೆಯ ಕ್ಯಾಪ್ಸೂಲು ದಿನಕ್ಕೊಂದು, ಒಂದು ಗ್ರಾಂ ಎಣ್ಣೆ. ಅದಕ್ಕಿಂತ ಜಾಸ್ತಿ ಎಣ್ಣೆ ಒಂದು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯಲ್ಲಿದೆ, ಅದೂ ನಾರಿನ ಸಮೇತ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ "ಔಷಧವಾಗಿ ಬಳಸಲು ಅಲ್ಲ" ಎಂಬರ್ಥದ ಇಂಗ್ಲಿಷ್ ಸಾಲು ಇದೆ, ನೋಡಿ. ಇಂಥ ಡಬ್ಬಿಗಳ ಮೇಲೆ ಅದನ್ನು ಬರೆಯಲೇಬೇಕು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಮುಂಭಾಗದಲ್ಲಿ ಕೆಂಪು ಹೃದಯದ ಚಿತ್ರ, ಹಿಂಭಾಗದಲ್ಲಿ ಈ ಸಾಲು.

2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಒಂದು ಪ್ರಯೋಗದ ಫಲ ಹೊರಗಿಟ್ಟರು. ರೋಸುವಾಸ್ಟಾಟಿನ್ ಬರಿ 5 ಮಿಲಿಗ್ರಾಂ ಒಂದು ಕಡೆ. ಮೀನೆಣ್ಣೆ, ಚಕ್ಕೆ, ಬೆಳ್ಳುಳ್ಳಿ, ಅರಿಶಿನ ಮುಂತಾದ ಆರು ಪೂರಕಗಳು ಇನ್ನೊಂದು ಕಡೆ. ಜೊತೆಗೆ ಏನೂ ಇಲ್ಲದ ಸುಳ್ಳು ಮಾತ್ರೆ. 28 ದಿನಗಳಲ್ಲಿ ಮಾತ್ರೆಯಿಂದ ಎಲ್‌ಡಿಎಲ್ ಸುಮಾರು ಶೇ. 38 ಇಳಿಯಿತು. ಆರು ಪೂರಕಗಳಲ್ಲಿ ಒಂದೂ ಸುಳ್ಳು ಮಾತ್ರೆಗಿಂತ ಮೇಲಾಗಲಿಲ್ಲ. ಆ ಆರರಲ್ಲಿ ಮೆಂತ್ಯ, ಅಗಸಿ ಇರಲಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸವಾಗುತ್ತದೆ. ಆದರೆ ಕ್ಯಾಪ್ಸೂಲಿನ ಅಳತೆಯಲ್ಲಿ ಅಡುಗೆಮನೆಯ ಸಾಮಾನು ಎಷ್ಟು ಕೆಲಸ ಮಾಡುತ್ತದೆ ಎಂಬುದರ ಅಂದಾಜು ಅದರಿಂದ ಸಿಗುತ್ತದೆ.

ನಿಮ್ಮ ಅಂಕಿಗಳನ್ನೇ ಹಿಡಿದು ಹೇಳುತ್ತೇನೆ. ಬೀಜಗಳನ್ನು ಸರಿಯಾದ ಪ್ರಮಾಣದಲ್ಲಿ ತಿಂದು ಶೇ. 8 ಇಳಿಯಿತು ಎಂದುಕೊಳ್ಳಿ. 158 ಇದ್ದದ್ದು 145 ಆಗುತ್ತದೆ. ರೋಸುವಾಸ್ಟಾಟಿನ್ 10 ಮಿಲಿಗ್ರಾಂ ಸುಮಾರು ಶೇ. 45 ಇಳಿಸುತ್ತದೆ, ಆಗ 87ರ ಆಸುಪಾಸು. ಎಲ್‌ಡಿಎಲ್ 39 ಅಂಕ ಇಳಿದರೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಮುಂತಾದವು ಸುಮಾರು ಐದನೇ ಒಂದು ಪಾಲು ತಗ್ಗುತ್ತವೆ ಎಂಬುದು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಸ್ಟಾಟಿನ್ ಪ್ರಯೋಗಗಳ ಒಟ್ಟು ಲೆಕ್ಕ. ಬೀಜ ತಿಂದವರಲ್ಲಿ ಹಾರ್ಟ್ ಅಟ್ಯಾಕ್ ಕಡಿಮೆಯಾಯಿತೇ ಎಂದು ಆ ಮಟ್ಟದಲ್ಲಿ ಯಾರೂ ಅಳೆದಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಅಪಾಯ ಕಡಿಮೆ ಇರುವವರಿಗೂ ಎಲ್‌ಡಿಎಲ್ 100ಕ್ಕಿಂತ ಕೆಳಗಿರಬೇಕು. ಸಕ್ಕರೆ ಕಾಯಿಲೆ, ಬಿಪಿ ಇರುವಂಥ ಹೆಚ್ಚು ಅಪಾಯದವರಿಗೆ 70ಕ್ಕಿಂತ ಕೆಳಗೆ. ನಿಮ್ಮ ತಂದೆಯವರಿಗೆ 52ಕ್ಕೇ ಅಟ್ಯಾಕ್ ಆಗಿದೆ. ಗಂಡಸರಲ್ಲಿ 55ರ ಒಳಗೆ ಬಂದರೆ ಅದನ್ನು ನಾವು ಅಕಾಲದ್ದು ಎಂದು ಲೆಕ್ಕ ಹಿಡಿಯುತ್ತೇವೆ, ಮಕ್ಕಳ ಅಪಾಯವೂ ಏರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಎಲ್‌ಡಿಎಲ್ ಸಹಜವಾಗಿಯೇ ಏರುತ್ತದೆ. ಬಿಪಿ, ಸಕ್ಕರೆ ಎಷ್ಟಿದೆ ಎಂದು ನೀವು ಬರೆದಿಲ್ಲ. ಅದನ್ನು ಮಾಡಿಸದಿದ್ದರೆ ಮಾಡಿಸಿ.

ಅಂದರೆ ನಾಳೆಯೇ ಸ್ಟಾಟಿನ್ ನುಂಗಬೇಕಾ? ನಿಮ್ಮ ವಿಷಯದಲ್ಲಿ ಒಂದು ಮೆಟ್ಟಿಲು ಮೊದಲು ಹತ್ತಬೇಕು. ಎರಡನೇ ಪುಟವನ್ನು ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಕಡಿಮೆ ಇದ್ದಾಗ ಸ್ಟಾಟಿನ್ ಶುರು ಮಾಡಿದರೆ ಮಾಂಸಖಂಡದ ನೋವು ಬರುವ ಸಾಧ್ಯತೆ ಹೆಚ್ಚು. ಆಗ ನೀವು ಮಾತ್ರೆಯನ್ನು ದೂರಿ ಬಿಟ್ಟುಬಿಡುತ್ತೀರಿ. ಅದಕ್ಕೇ ಬಹುಶಃ ಅವರು ಥೈರಾಯ್ಡ್ ಮಾತ್ರೆಯ ಹೊತ್ತು ಸರಿಪಡಿಸಿ, ಬೇಕಾದರೆ ಡೋಸು ಬದಲಿಸಿ, ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಮತ್ತು ಕೊಲೆಸ್ಟ್ರಾಲ್ ಎರಡನ್ನೂ ಮತ್ತೆ ಮಾಡಿಸಿ ಎನ್ನುತ್ತಾರೆ. ಎಲ್‌ಡಿಎಲ್ ಅಷ್ಟರಲ್ಲೇ ಒಂದಿಷ್ಟು ಇಳಿದರೆ ಆಶ್ಚರ್ಯವಿಲ್ಲ. ನಿರ್ಧಾರ ಅವರದ್ದು. ಆದರೆ ಅವರಿಗೆ ಹೇಳದೆ ಚೀಟಿಯನ್ನು ಕಪಾಟಿನಲ್ಲಿಟ್ಟು ಕೂರುವುದು ಬೇಡ.

ಮೈಕೈ ನೋವಿನ ಭಯದ ಬಗ್ಗೆ ಒಂದು ಸಂಗತಿ. ನೋವು ಮುಂತಾದ ತೊಂದರೆಯಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಮಾಡಿದರು. ವರ್ಷದಲ್ಲಿ ನಾಲ್ಕು ತಿಂಗಳು ಸ್ಟಾಟಿನ್, ನಾಲ್ಕು ತಿಂಗಳು ಸುಳ್ಳು ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ. ಯಾವ ಡಬ್ಬಿಯಲ್ಲಿ ಯಾವುದಿದೆ ಎಂದು ಅವರಿಗೆ ಗೊತ್ತಿಲ್ಲ. ಸ್ಟಾಟಿನ್ ತಿಂಗಳುಗಳಲ್ಲಿ ಆದ ತೊಂದರೆಯ ಶೇ. 90ರಷ್ಟು ಸುಳ್ಳು ಮಾತ್ರೆಯ ತಿಂಗಳುಗಳಲ್ಲೂ ಆಗಿತ್ತು! ನೋವು ಸುಳ್ಳಲ್ಲ, ಅವರು ನಿಜವಾಗಿಯೂ ಅನುಭವಿಸಿದರು. ಆದರೆ ಅದರ ಹೆಚ್ಚಿನ ಪಾಲು ಬಂದದ್ದು ಮಾತ್ರೆಯೊಳಗಿನ ಔಷಧದಿಂದ ಅಲ್ಲ, ಮಾತ್ರೆ ನುಂಗುತ್ತಿದ್ದೇನೆ ಎಂಬ ಅಳುಕಿನಿಂದ. ಕೆಲವರಿಗೆ ನಿಜವಾದ ಅಡ್ಡಪರಿಣಾಮ ಆಗುತ್ತದೆ, ಸಕ್ಕರೆ ಸ್ವಲ್ಪ ಏರುವುದೂ ಉಂಟು. ಆಗ ಡೋಸು ಇಳಿಸಬಹುದು, ಮಾತ್ರೆ ಬದಲಿಸಬಹುದು. ದಾರಿಗಳಿವೆ.

ಬೀಜ ತಿನ್ನುವವರು ಸಾಮಾನ್ಯವಾಗಿ ಮೋಸ ಹೋಗುವ ಒಂದು ಜಾಗ ಇದೆ. ಏನೂ ಮಾಡದಿದ್ದರೂ ಎಲ್‌ಡಿಎಲ್ ಒಂದು ಸಲದಿಂದ ಇನ್ನೊಂದು ಸಲಕ್ಕೆ ಹತ್ತು ಹನ್ನೆರಡು ಅಂಕ ಆಚೀಚೆ ಆಗುತ್ತದೆ. ಹೆಚ್ಚು ಬಂದಾಗಲೇ ಅಲ್ಲವೇ ನಾವು ಗಾಬರಿಯಾಗಿ ಬೀಜ ಶುರು ಮಾಡುವುದು? ಮುಂದಿನ ಸಲ ಅದು ತಾನಾಗಿಯೇ ಕೊಂಚ ಕೆಳಗೆ ಬರುವ ಸಾಧ್ಯತೆಯೇ ಜಾಸ್ತಿ. ಅದರ ಜೊತೆ ಬೀಜ ತಿನ್ನುವ ಆ ತಿಂಗಳುಗಳಲ್ಲಿ ಕರಿದದ್ದು ಬಿಟ್ಟಿರುತ್ತೇವೆ, ಸಂಜೆ ನಡೆದಿರುತ್ತೇವೆ. ಹೊಗಳಿಕೆ ಮಾತ್ರ ಕ್ಯಾಪ್ಸೂಲಿಗೆ.

ಇಷ್ಟೆಲ್ಲ ಕೇಳಿ ಬೀಜ ಬೇಡವೇ ಬೇಡ ಎಂದುಕೊಳ್ಳಬೇಡಿ. ನಾನೇ ದಿನಾ ತಿನ್ನುತ್ತೇನೆ. ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವ ತನಕ ಹುರಿದು, ಆರಿದ ಮೇಲೆ ಪುಡಿ ಮಾಡಿ. ಹಸಿ ಅಗಸಿಯಲ್ಲಿ ಸಯನೈಡ್ ಬಿಡುವ ಕೆಲವು ಅಂಶಗಳು ಅಲ್ಪ ಪ್ರಮಾಣದಲ್ಲಿವೆ, ಹುರಿದರೆ ಅವು ಕಡಿಮೆಯಾಗುತ್ತವೆ. ನಮ್ಮ ಅಜ್ಜಿಯರು ಹುರಿಯದೆ ಹಿಂಡಿ ಕುಟ್ಟುತ್ತಿರಲಿಲ್ಲ. ಪುಡಿ ಬೇಗ ಕಮಟುತ್ತದೆ, ವಾರಕ್ಕೆ ಬೇಕಾದಷ್ಟೇ ಮಾಡಿ. ದಿನಕ್ಕೆ ಊಟದ ಚಮಚದಲ್ಲಿ ಎರಡು ಮೂರು ಸಾಕು. ಒಂದು ಚಮಚ ಪುಡಿ ಸುಮಾರು 7 ಗ್ರಾಂ ತೂಗುತ್ತದೆ. ಹಿಂಡಿಯಲ್ಲಿ ಉಪ್ಪು ಇರುತ್ತದೆ, ಆದ್ದರಿಂದ ಅರ್ಧ ಪಾಲನ್ನು ಉಪ್ಪಿಲ್ಲದೆ ಮಜ್ಜಿಗೆಗೋ ರೊಟ್ಟಿ ಹಿಟ್ಟಿಗೋ ಬೆರೆಸಿ. ಬೆಲ್ಲ, ತುಪ್ಪ ಸುರಿದು ಉಂಡೆ ಕಟ್ಟಿ ಅದನ್ನೇ ಔಷಧ ಅನ್ನಬೇಡಿ. ನಿಮ್ಮ ಟ್ರೈಗ್ಲಿಸರೈಡ್ 210 ಇದೆ. ಅದಕ್ಕೆ ಬೀಜಕ್ಕಿಂತ ಸಕ್ಕರೆ, ಬೆಲ್ಲ, ಬೇಕರಿ ತಿನಿಸು, ರಾತ್ರಿಯ ಅನ್ನ ಕಡಿಮೆ ಮಾಡುವುದು ಮುಖ್ಯ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ಇಸಬ್‌ಗೋಲ್ ಬೇಕೆಂದರೆ ರಾತ್ರಿ ಊಟಕ್ಕೆ ಮುಂಚೆ 5 ಗ್ರಾಂನಿಂದ ಶುರು ಮಾಡಿ. ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಿರಿ. ಹೊಟ್ಟೆ ಒಗ್ಗಿದ ಮೇಲೆ 10 ಗ್ರಾಂಗೆ ಏರಿಸಿ. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡು ಆಮೇಲೆ ನೀರು ಕುಡಿಯುವುದು ಅಪಾಯ. ಅಮೆರಿಕದಲ್ಲಿ ಒಬ್ಬರು ಒಣ ಚಿಯಾ ನುಂಗಿ ನೀರು ಕುಡಿದರು. ಬೀಜ ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡಿತು. ಡಾಕ್ಟರು ನಳಿಕೆ ಇಳಿಸಿ ತೆಗೆಯಬೇಕಾಯಿತು. ನುಂಗಲು ತೊಂದರೆ ಇರುವವರು, ಕರುಳು ಕಿರಿದಾಗಿರುವವರು ಇವನ್ನು ಮುಟ್ಟಬಾರದು. ಯಾವ ಲೋಳೆ ಬೀಜವಾದರೂ ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ.

ಮೆಂತ್ಯವನ್ನು ಬೆಳಗಿನ ಲೋಟದಿಂದ ಮಧ್ಯಾಹ್ನದ ಊಟಕ್ಕೆ ಸಾಗಿಸಿ, ನೆನೆಸಿಯೋ ಮೊಳಕೆ ಕಟ್ಟಿಯೋ. ಕೋಸಂಬರಿಗೆ, ಪಲ್ಯಕ್ಕೆ ಸೇರಿದರೆ ಕಹಿ ಅಷ್ಟು ಗೊತ್ತಾಗುವುದಿಲ್ಲ. ಬೆವರಿಗೆ, ಮೂತ್ರಕ್ಕೆ ಒಂದು ಬಗೆಯ ಸಿಹಿ ವಾಸನೆ ಬಂದರೆ ಹೆದರಬೇಡಿ, ಮೆಂತ್ಯದ್ದೇ. ಇದನ್ನು ಓದುವವರಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೆಂತ್ಯ ಜಾಸ್ತಿ ಮಾಡಿದರೆ ಸಕ್ಕರೆ ತೀರಾ ಇಳಿಯಬಹುದು, ನೋಡಿಕೊಳ್ಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಬಸುರಿಯರು ಅಡುಗೆಯ ಪ್ರಮಾಣ ಮೀರಬಾರದು. ಶೇಂಗಾ, ಕಡಲೆ ಅಲರ್ಜಿ ಇರುವವರಿಗೆ ಮೆಂತ್ಯವೂ ಆಗದಿರಬಹುದು. ಎಲ್‌ಡಿಎಲ್ 190 ದಾಟಿದವರು ಬೀಜಗಳಲ್ಲಿ ಹೊತ್ತು ಕಳೆಯದೆ ನೇರ ಡಾಕ್ಟರ ಹತ್ತಿರ ಹೋಗಬೇಕು. ಅದು ವಂಶದಲ್ಲೇ ಬಂದದ್ದಾಗಿರಬಹುದು.

ನಾದಿನಿಯವರ ಮನಸ್ಸು ನೋಯಿಸುವುದು ಬೇಡ. ಎಣ್ಣೆ ಕ್ಯಾಪ್ಸೂಲಿನಿಂದ ಹಾನಿಯಿಲ್ಲ, ಊಟದ ನಂತರ ತೆಗೆದುಕೊಂಡು ಮುಗಿಸಿಬಿಡಿ. ಮೆಂತ್ಯದ ಕ್ಯಾಪ್ಸೂಲನ್ನೂ ಬೇಕಾದರೆ ಮಧ್ಯಾಹ್ನ ನುಂಗಿ. ಎರಡನೇ ಡಬ್ಬಿ ಕೊಳ್ಳಬೇಡಿ. ಎಂಟು ವಾರದ ನಂತರದ ವರದಿ ಬಂದಾಗ ಎರಡೂ ಪುಟ ಕಳಿಸಿ, ಆಗ ಮುಂದಿನ ಮಾತು.